ಕರಣ ಕೇಳಿದರೆ ಕಾಮವೇ?

ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಅಂದು ನರ್ಸ್‌ಗಳಾದ ನಮ್ಮ ಕೈಗೆ ಒಂದೊಂದು ಗುಲಾಬಿ ಕೊಟ್ಟು, ಬಂದ ಅತಿಥಿಗಳು ಗೀತೆಯ ಮಾತು ತೆಗೆಯುತ್ತಾರೆ: ಸೇವೆ ಮಾಡಿ, ಫಲ ಬಯಸಬೇಡಿ. ವಾರ್ಡಿಗೆ ಇನ್ನಿಬ್ಬರು ನರ್ಸ್‌ಗಳು ಬೇಕೆಂದು ಮನವಿ ಬರೆದಾಗಲೂ ನನಗೆ ಸಿಕ್ಕ ಉತ್ತರ ಇದೇ. ನಾನು ಗೀತೆಯನ್ನು ನಂಬುವವಳು. ಹೊನ್ನಾವರದ ಕಡೆಯ ನಮ್ಮ ಮನೆಯಲ್ಲಿ ಸಂಜೆ ಒಂದು ಅಧ್ಯಾಯ ಓದಿಸದೆ ಅಪ್ಪ ಊಟಕ್ಕೆ ಏಳಗೊಡುತ್ತಿರಲಿಲ್ಲ. ಅದಕ್ಕೇ ಈ ಮಾತು ನನ್ನನ್ನು ಬಿಡದೆ ಕಾಡುತ್ತದೆ. ಇನ್ನೆರಡು ಕೈ ಬೇಕು, ನಿದ್ದೆ ಬೇಕು, ಸಂಬಳ ಹೊತ್ತಿಗೆ ಸರಿಯಾಗಿ ಬರಲಿ ಎನ್ನುವುದು ಫಲದ ಆಸೆಯೇ?

ಯಾವ ಕರ್ಮ ನಡೆಯಲೂ ಐದು ಕಾರಣಗಳು ಕೂಡಬೇಕೆಂದು ಹದಿನೆಂಟನೆಯ ಅಧ್ಯಾಯ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಶಂಕರರ ಭಾಷ್ಯದಲ್ಲಿ ಅಧಿಷ್ಠಾನವೆಂದರೆ ಶರೀರ, ಕರಣವೆಂದರೆ ಇಂದ್ರಿಯಗಳು. ನರ್ಸಿನ ಮಟ್ಟಿಗೆ ಅದು ಅವಳ ಬೆನ್ನು, ಕಣ್ಣು, ಕೈ. ಇವು ಕೆಲಸ ಮುಗಿದ ಮೇಲೆ ಸಿಗುವ ಫಲವಲ್ಲ, ಕೆಲಸ ಶುರುವಾಗುವ ಮೊದಲೇ ಇರಬೇಕಾದವು. ಅತಿಯಾಗಿ ಎಚ್ಚರವಿರುವವನಿಗೆ ಯೋಗ ದಕ್ಕದೆಂದು ಆರನೆಯ ಅಧ್ಯಾಯವೂ ಹೇಳುತ್ತದೆ. ಆ ಶ್ಲೋಕವನ್ನು ಯಾವ ಅತಿಥಿಯ ಬಾಯಲ್ಲೂ ನಾನು ಕೇಳಿಲ್ಲ.

ಪಾರ್ಶ್ವವಾಯು ಬಡಿದು ಮಲಗಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ಒಬ್ಬರು ಹೆಗಲು ಹಿಡಿದರೆ ಇನ್ನೊಬ್ಬರು ಸೊಂಟ ಹಿಡಿಯಬೇಕು, ಕ್ಯಾಥೆಟರ್ ಜಗ್ಗದಂತೆ ನೋಡಬೇಕು, ಬೆನ್ನು ಒರೆಸಿ ಬೆಡ್‌ಶೀಟಿನ ಸುಕ್ಕು ಬಿಡಿಸಬೇಕು. ನೈಟ್ ಡ್ಯೂಟಿಯಲ್ಲಿ ಮೂವತ್ತು ಹಾಸಿಗೆಗೆ ಒಬ್ಬಳೇ ಇದ್ದರೆ ಹನ್ನೆರಡರ ಸರದಿ ತಪ್ಪುತ್ತದೆ. ಅಷ್ಟರಲ್ಲಿ ಹೊಸ ಅಡ್ಮಿಷನ್ ಬರುತ್ತದೆ, ಯಾರದೋ ಡ್ರಿಪ್ ಮುಗಿದಿರುತ್ತದೆ, ಎರಡರ ಸರದಿಯೂ ತಪ್ಪುತ್ತದೆ. ಬೆಳಗ್ಗೆ ನೋಡಿದರೆ ಸೊಂಟದ ಕೆಳಗೆ, ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು. ಬೆಡ್‌ಸೋರ್ ಶುರುವಾಗುವುದು ಹೀಗೆ. ಭಕ್ತಿ ಎಷ್ಟೇ ಇರಲಿ, ಆ ಹೊತ್ತಿಗೆ ಎರಡನೆಯ ಜೋಡಿ ಕೈ ಇರಲಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಈ ಕೊರತೆಯ ಪರಿಣಾಮವನ್ನೇ ಲೆಕ್ಕ ಹಾಕಿ 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಸಂಬಳದ ಮಾತೂ ಇದರಿಂದ ಬೇರೆಯಲ್ಲ. ಸಂಬಳ ಹೊತ್ತಿಗೆ ಬಾರದ ಚಿಕ್ಕ ನರ್ಸಿಂಗ್ ಹೋಮುಗಳ ಹುಡುಗಿಯರು ರಾತ್ರಿ ಪಾಳಿ ಮುಗಿಸಿ, ಹಗಲು ಯಾರದೋ ಮನೆಯ ಮುದುಕರನ್ನು ನೋಡಿಕೊಳ್ಳಲು ಹೋಗುತ್ತಾರೆ. ಮಾರನೆಯ ರಾತ್ರಿ ಇನ್ಸುಲಿನ್ ಅಳತೆ ನೋಡಬೇಕಾದದ್ದು ಅದೇ ಕಣ್ಣು.

ಹೀಗೆ ಕೈ, ನಿದ್ದೆ, ಸಂಬಳ ಕೇಳುವುದು ಸೇವಾಭಾವಕ್ಕೆ ಕಳಂಕ ಎನ್ನುವವರಿಗೆ ನಾನು ಹೇಳುವುದು ನಮ್ಮ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗರ ಕತೆ. ಅವರು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿನ ವಾರ್ಡ್‌ಬಾಯ್ ಸರಪಳಿಯಿಂದ ಕುತ್ತಿಗೆ ಬಿಗಿದು ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವರು ಹಾಸಿಗೆಯಿಂದ ಏಳಲಿಲ್ಲ. ಆ ಘಟನೆಯ ಬೆನ್ನಿಗೇ ಮುಂಬೈಯ ನರ್ಸ್‌ಗಳು ಅರುಣಾಗಾಗಿ, ತಮ್ಮ ಕೆಲಸದ ಸ್ಥಿತಿಗಾಗಿ ಮುಷ್ಕರ ಹೂಡಿದರು. ಮುಂದೆ ಅರುಣಾರನ್ನು ಆಸ್ಪತ್ರೆಯಿಂದ ಸಾಗಿಸುವ ಮಾತು ಬಂದಾಗ ಅಡ್ಡ ನಿಂತವರೂ ಅಲ್ಲಿನ ನರ್ಸ್‌ಗಳೇ. ಅಷ್ಟು ವರ್ಷ ಮಲಗಿದ್ದ ಆ ಮೈಯಲ್ಲಿ ಒಂದೂ ಬೆಡ್‌ಸೋರ್ ಆಗಿರಲಿಲ್ಲವೆಂಬುದು ಅವರ ಕುರಿತ ಸುಪ್ರೀಂ ಕೋರ್ಟಿನ 2011ರ ತೀರ್ಪಿನಲ್ಲಿ ದಾಖಲಾಗಿದೆ. ನಿವೃತ್ತರಾದವರ ಜಾಗಕ್ಕೆ ಹೊಸಬರು ಬಂದರು, ಮಗ್ಗುಲು ಬದಲಿಸುವ ಸರದಿ ಮಾತ್ರ ತಪ್ಪಲಿಲ್ಲ. ಹಕ್ಕು ಕೇಳಿ ಬೀದಿಗಿಳಿದದ್ದೂ ಆ ಬೆನ್ನು ಒರೆಸಿದ್ದೂ ಒಂದೇ ನರ್ಸ್ ಸಮುದಾಯ. ಇದಕ್ಕಿಂತ ದೊಡ್ಡ ನಿಷ್ಕಾಮ ಕರ್ಮವನ್ನು ನಾನು ಕಂಡಿಲ್ಲ.

ಆದರೂ ನನಗೆ ಇನ್ನೂ ಬಗೆಹರಿಯದ್ದೊಂದಿದೆ. ನಾವೂ ಮುಷ್ಕರ ಹೂಡಿದರೆ, ಆ ದಿನ ವಾರ್ಡಿನಲ್ಲಿ ಮಲಗಿರುವವರು ನಮ್ಮ ಮನವಿಗೆ ಸಹಿ ಹಾಕಿದವರಲ್ಲ. ಐಸಿಯು, ಹೆರಿಗೆ ವಾರ್ಡ್, ಕ್ಯಾಶುವಾಲ್ಟಿ ಬಿಟ್ಟು ಬರುವುದಿಲ್ಲವೆಂದು ನಮ್ಮ ಸಂಘ ತೀರ್ಮಾನಿಸಿದೆ. ಪಾರ್ಶ್ವವಾಯುವಿನವರು ಆ ಪಟ್ಟಿಯಲ್ಲಿಲ್ಲ. ಮುಂದಿನ ಸಭೆಯಲ್ಲಿ ಅವರ ಹೆಸರನ್ನೂ ಸೇರಿಸಬೇಕೆಂದು ಕೇಳುತ್ತೇನೆ, ಮುಷ್ಕರದ ದಿನವೂ ಎರಡು ಗಂಟೆಗೊಮ್ಮೆ ಇಬ್ಬರು ಒಳಗೆ ಹೋಗಿ ಬರುವಂತೆ.