ಪುಸ್ತಕದಂಗಡಿಯಲ್ಲಿ ಅಚೌರ್ಯ

ಅಚೌರ್ಯಾಣುವ್ರತವನ್ನು ಕುರಿತು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ನಮ್ಮ ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ಪರರ ಹೊಲದ ತೆನೆಯನ್ನು ಮುಟ್ಟಬಾರದು, ದಾರಿಯಲ್ಲಿ ಬಿದ್ದ ಹಣವನ್ನು ಎತ್ತಿಕೊಳ್ಳಬಾರದು ಎಂಬಲ್ಲಿಗೆ ಆ ಪಾಠ ಸಾಮಾನ್ಯವಾಗಿ ಮುಗಿಯುತ್ತದೆ. ಆದರೆ ಯಾವ ವಸ್ತುವನ್ನೂ ಕದಿಯದೆ, ಯಾರ ಹಣವನ್ನೂ ಉಳಿಸಿಕೊಳ್ಳದೆ, ಮತ್ತೊಬ್ಬರು ಕೊಡದುದನ್ನು ನಾವು ತೆಗೆದುಕೊಂಡು ಬರುವುದು ಸಾಧ್ಯವೇ? ಒಂದು ಸಣ್ಣ ಪುಸ್ತಕದಂಗಡಿಯಲ್ಲಿ ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು.

ತುಂಗಭದ್ರೆಯ ದಡದ ದಢೇಸುಗೂರಿನವರಾದ ನಮಗೆ ಪುಸ್ತಕ ಬೇಕಾದರೆ ಸಿಂಧನೂರಿಗೆ ಹೋಗಬೇಕು. ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಈ ಸೀಮೆಯಲ್ಲಿ ಬೀಜ, ಗೊಬ್ಬರದ ಅಂಗಡಿಗಳು ಹೆಜ್ಜೆಗೊಂದು ಇವೆ. ಸಾಹಿತ್ಯ ಗ್ರಂಥಗಳು ಸಿಗುವ ಅಂಗಡಿ ಅಪರೂಪ. ನಾನು ಹೇಳುತ್ತಿರುವ ಅಂಗಡಿಯಲ್ಲಿಯೂ ಮುಂಭಾಗದಲ್ಲಿರುವುದು ನೋಟುಬುಕ್ಕು, ಪೆನ್ನು, ಪರೀಕ್ಷೆಯ ಗೈಡುಗಳೇ. ಜೂನ್ ತಿಂಗಳ ಶಾಲಾ ವ್ಯಾಪಾರವೇ ವರ್ಷದ ಬಾಡಿಗೆಗೆ ಆಧಾರ. ಹಿಂಬದಿಯ ಎರಡು ಕಪಾಟುಗಳಲ್ಲಿ ಮಾತ್ರ ಮಾಲೀಕರು ತಮ್ಮ ಅಭಿರುಚಿಯಿಂದ ಆರಿಸಿ ತಂದ ಗ್ರಂಥಗಳಿವೆ.

ಒಂದು ದಿನ ಅಲ್ಲಿ ‘ವಡ್ಡಾರಾಧನೆ’ಯನ್ನು ವಿಚಾರಿಸಿದೆ. ಯಾವ ಮುದ್ರಣದಲ್ಲಿ ಮೂಲಪಾಠ ಮಾತ್ರ ಇದೆ, ಯಾವುದರಲ್ಲಿ ಹೊಸಗನ್ನಡ ಅನುವಾದವೂ ಇದೆ, ಹಳಗನ್ನಡದ ಅಭ್ಯಾಸವಿಲ್ಲದವರಿಗೆ ಯಾವುದು ಅನುಕೂಲ ಎಂಬುದನ್ನು ಅವರು ಒಂದು ಗಂಟೆ ಸಾವಧಾನವಾಗಿ ವಿವರಿಸಿದರು. ಅನುವಾದವುಳ್ಳ ಪ್ರತಿ ಅಂದು ಅವರಲ್ಲಿರಲಿಲ್ಲ. “ಇನ್ನೊಮ್ಮೆ ಬರುತ್ತೇನೆ” ಎಂದು ಹೇಳಿ ಊರಿಗೆ ಬಂದು, ಅವರು ತಿಳಿಸಿದ ಅದೇ ಮುದ್ರಣವನ್ನು ಮೊಬೈಲಿನಲ್ಲಿ ಹುಡುಕಿ ರಿಯಾಯಿತಿ ಬೆಲೆಗೆ ತರಿಸಿಕೊಂಡೆ. ತಿಂಗಳ ನಂತರ ನೋಟುಬುಕ್ಕಿಗೆಂದು ಹೋದಾಗ ಅವರು ನಗುತ್ತ, “ನಿಮ್ಮ ಪುಸ್ತಕ ಬಂದೈತ್ರಿ ಸರ, ನಿಮಗಂತನ ತೆಗೆದಿಟ್ಟೀನಿ” ಎಂದರು. ನಾನು ಮಾತಿಲ್ಲದೆ ಪೂರ್ಣ ಬೆಲೆ ಕೊಟ್ಟು ಅದನ್ನೂ ತಂದೆ. ಒಂದೇ ಗ್ರಂಥದ ಎರಡು ಪ್ರತಿಗಳು ಈಗ ನನ್ನ ಮನೆಯಲ್ಲಿವೆ.

ಇಲ್ಲಿ ತಪ್ಪೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಕಡಿಮೆ ಬೆಲೆಗೆ ಕೊಳ್ಳುವುದು ಅಧರ್ಮವಲ್ಲ. ಬಡ ವಿದ್ಯಾರ್ಥಿಗೆ ಅದು ಅನಿವಾರ್ಯವೂ ಹೌದು. ಅಂಗಡಿಯಲ್ಲಿ ನಿಂತು ಪುಟ ತಿರುವಿ ನೋಡುವುದೂ ಕಳವಲ್ಲ. ಬಾಗಿಲು ತೆರೆದಿಟ್ಟವರು ಆ ಅನುಮತಿಯನ್ನು ಕೊಟ್ಟೇ ಇರುತ್ತಾರೆ. ಈ ಎರಡು ಮಾತುಗಳನ್ನೂ ನಾನು ಒಪ್ಪುತ್ತೇನೆ.

ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಚೌರ್ಯವನ್ನು ವಿವರಿಸುವಾಗ ವಸ್ತುವಿನ ಬೆಲೆಯನ್ನು ಹೇಳುವುದಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆನ್ನುತ್ತಾರೆ. ಅದರ ಹಿಂದೆ ಪ್ರಮಾದವಿರುವುದನ್ನೂ ಗಮನಕ್ಕೆ ತರುತ್ತಾರೆ. ಆ ವ್ರತದ ಐದು ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಅಸಲಿಯ ಬದಲು ನಕಲಿಯನ್ನು ಮಾರುವುದು ಸೇರಿವೆ. ಅನುಮತಿಯಿಲ್ಲದೆ ಮುದ್ರಿಸಿದ ನಕಲು ಪುಸ್ತಕಗಳನ್ನು ಅಗ್ಗವೆಂದು ಕೊಳ್ಳುವವರು ಈ ಅತಿಚಾರಗಳನ್ನು ನೆನೆಯುವುದು ಒಳ್ಳೆಯದು. ಭತ್ತದ ತೂಕದಲ್ಲಿ ಒಂದು ಕಿಲೋ ಕಡಿಮೆಯಾದರೆ ನಾವು ಕೂಡಲೇ ಎಚ್ಚರಗೊಳ್ಳುತ್ತೇವೆ. ಮತ್ತೊಬ್ಬರ ಒಂದು ಗಂಟೆಯನ್ನು ತೂಗುವ ತಕ್ಕಡಿ ಮಾತ್ರ ನಮ್ಮಲ್ಲಿಲ್ಲ.

ಅಂಗಡಿಯವರು ತಮ್ಮ ಸಮಯವನ್ನೂ ತಿಳಿವಳಿಕೆಯನ್ನೂ ಕೊಟ್ಟದ್ದು ನಿಜ. ಆದರೆ ಅವರು ಕೊಟ್ಟದ್ದು, ಮತ್ತೆ ಬಂದು ಕೊಳ್ಳುವ ಗ್ರಾಹಕನಿಗೆ. ನಾನು ಅಂಥವನಲ್ಲದೆ ಅಂಥವನ ಮಾತನ್ನಾಡಿದೆ. ನೋಡಿದ್ದು ತಪ್ಪಲ್ಲ, ಅಗ್ಗಕ್ಕೆ ಕೊಂಡದ್ದೂ ತಪ್ಪಲ್ಲ. ಬರುತ್ತೇನೆಂಬ ಭರವಸೆಯನ್ನು ಹುಟ್ಟಿಸಿ ಅದರ ಫಲವನ್ನು ಬೇರೆಡೆ ಒಯ್ದುದು ತಪ್ಪು.

ಪುಸ್ತಕವನ್ನು ಓದುಗರ ಕೈಗೆ ಮುಟ್ಟಿಸುವ ಕೆಲಸ ನಮ್ಮ ನಾಡಿನಲ್ಲಿ ಎಂದೂ ಸುಲಭವಾಗಿರಲಿಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ಬೆಳೆಯಿತು. ಅಲ್ಲಿ ಓದುಗರು ಪುಸ್ತಕಗಳು ಕೈಸೇರುವ ಮೊದಲೇ ಹಣವಿತ್ತು ನಂಬಿಕೆಯಿಟ್ಟರು. ನಾನು ನಂಬಿಕೆಯನ್ನು ಮೊದಲು ಪಡೆದು ಹಣವನ್ನು ಬೇರೆಯವರಿಗೆ ಕೊಟ್ಟೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಒಂದು ವಿನಂತಿಯಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಇಂದು ಶಾಸ್ತ್ರದಾನಕ್ಕೆ ಪುಸ್ತಕ ಕೊಳ್ಳುವಾಗ “ಧರ್ಮಕಾರ್ಯ, ಇನ್ನಷ್ಟು ಇಳಿಸಿ” ಎಂದು ಸಣ್ಣ ವ್ಯಾಪಾರಿಯನ್ನು ಒತ್ತಾಯಿಸುವುದುಂಟು. ಆಗ ದಾನದ ಒಂದು ಪಾಲನ್ನು ಅವರ ಒಪ್ಪಿಗೆಯಿಲ್ಲದೆ ಅವರಿಂದಲೇ ಕಸಿದು, ನಮ್ಮ ಹೆಸರಿನಲ್ಲಿ ಹಂಚಿದಂತಾಗುವುದಿಲ್ಲವೇ? ಅತ್ತಿಮಬ್ಬೆಯ ದಾನ ದೊಡ್ಡದಾದುದು ಅವಳು ಕೊಟ್ಟುದು ತನ್ನದನ್ನು ಎಂಬುದರಿಂದ. ನಮ್ಮ ಊರಿನ ಅಂಗಡಿಯಿಂದ ನ್ಯಾಯವಾದ ಬೆಲೆಗೆ ಹತ್ತು ಪ್ರತಿ ಕೊಂಡರೆ ಶಾಸ್ತ್ರದಾನವೂ ಆಗುತ್ತದೆ, ಆ ಕಪಾಟೂ ಉಳಿಯುತ್ತದೆ.

ಎರಡನೆಯ ಪ್ರತಿಗೆ ಹಣ ಕೊಟ್ಟ ಮಾತ್ರಕ್ಕೆ ನನ್ನ ಲೆಕ್ಕ ತೀರಿತೆಂದು ನಾನು ತಿಳಿದಿಲ್ಲ. ನಡೆದುದೇನೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಕ್ಷಮಾವಣಿಯ ದಿನ ಬಂಧುಮಿತ್ರರಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಬೇಡುತ್ತೇವೆ. ತಿಳಿದೇ ಮಾಡಿದ ಈ ತಪ್ಪಿನ ಮಾತು ಆ ಬಳಗದ ಹೊರಗೆ, ಸಿಂಧನೂರಿನ ಒಂದು ಅಂಗಡಿಯಲ್ಲಿ ಉಳಿದಿದೆ. ಈ ವರ್ಷ ಅಲ್ಲಿಗೂ ಹೋಗಿ ಅದನ್ನು ಹೇಳಬೇಕೆಂದು ನಿಶ್ಚಯಿಸಿದ್ದೇನೆ.