ಬಾವಿಗೆ ಎಸೆಯಬೇಕಾದ ನಾಣ್ಯ

ನಮ್ಮ ಮದ್ರಸಾದಲ್ಲಿ ಕಲಿತು, ಮುಂದೆ ಇಂಜಿನಿಯರಿಂಗ್ ಓದಿ, ಈಗ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಯುವಕನೊಬ್ಬ ಕೆಲವು ತಿಂಗಳ ಹಿಂದೆ ನನಗೊಂದು ಪ್ರಶ್ನೆ ಕಳುಹಿಸಿದ್ದನು. ಅವನಿಗೆ ಹಳೆಯ ಕಾಮಿಕ್ಸ್ ಪುಸ್ತಿಕೆಗಳನ್ನು ಸಂಗ್ರಹಿಸುವ ಹವ್ಯಾಸ. ಎರಡು ತಿಂಗಳ ಉಳಿತಾಯವನ್ನು ಕೊಟ್ಟು ಕೊಂಡ ಅಪರೂಪದ ಪುಸ್ತಿಕೆಯೊಂದು ನಕಲಿಯೆಂದು ಮನೆಗೆ ತಂದ ಮೇಲೆ ತಿಳಿಯಿತಂತೆ. ಅವನು ಬರೆದಿದ್ದುದು ಇಷ್ಟು: “ಉಸ್ತಾದರೇ, ನಾನು ಮೋಸ ಹೋಗಿದ್ದೇನೆ. ಇದನ್ನು ಇನ್ನೊಬ್ಬರಿಗೆ ಮಾರಿದರೆ ನಾನೂ ಮೋಸಗಾರನಾಗುತ್ತೇನೆಯೇ? ಇದು ಅಸಲಿ ಎಂದು ನಾನು ಹೇಳುವುದಿಲ್ಲ, ನಕಲಿ ಎಂದೂ ಹೇಳುವುದಿಲ್ಲ. ಕೊಳ್ಳುವವನು ನೋಡಿಕೊಂಡು ಕೊಳ್ಳಲಿ.”

ಮಕ್ಕಳ ಚಿತ್ರಕಥೆಯ ಪುಸ್ತಕಕ್ಕೆ ಇಷ್ಟೆಲ್ಲ ಚಿಂತೆಯೇ ಎಂದು ಓದುಗರು ನಗಬಹುದು. ನಾನೂ ಮೊದಲು ನಕ್ಕಿದ್ದೆ. ಆದರೆ ಅಲ್ಲಿ ಇದೊಂದು ದೊಡ್ಡ ವ್ಯಾಪಾರ. ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ 1938ರಲ್ಲಿ ಬಂದಾಗ ಅದರ ಬೆಲೆ 10 ಸೆಂಟ್. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಇಂತಹ ವಸ್ತುವಿಗೆ ಇಷ್ಟು ಹಣ ಸುರಿಯುವುದು ದುಂದಲ್ಲವೇ, ಚಿತ್ರಗಳ ಕುರಿತಾದ ವಿಧಿಯೇನು ಎಂಬುದು ಬೇರೆಯೇ ಚರ್ಚೆ. ಅದನ್ನು ಆ ಯುವಕನಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಅವನು ಕೇಳಿದ್ದು ಮೋಸದ ಬಗ್ಗೆ. ಮೋಸವು ಗೋಧಿಯಲ್ಲಾದರೂ ಚಿನ್ನದಲ್ಲಾದರೂ ಕಾಗದದಲ್ಲಾದರೂ ಮೋಸವೇ.

ಅವನು ಕೊಂಡದ್ದು ‘ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್’ ಎಂಬ ಆಮೆಗಳ ಕಥೆಯ ಮೊದಲ ಸಂಚಿಕೆ. 1984ರಲ್ಲಿ ಇಬ್ಬರು ಯುವ ಚಿತ್ರಕಾರರು ತಾವೇ ಅಚ್ಚು ಹಾಕಿಸಿದ್ದರು. ಮೊದಲ ಮುದ್ರಣವು ಮೂರು ಸಾವಿರದಷ್ಟು ಪ್ರತಿಗಳು ಮಾತ್ರ. ಕಥೆ ಜಗತ್ತಿನಾದ್ಯಂತ ಹೆಸರಾದಾಗ ಆ ಪ್ರತಿಗಳ ಬೆಲೆ ಏರಿತು, ಹಿಂದೆಯೇ ನಕಲಿಯೂ ಬಂತು. ಅದನ್ನು ಗುರುತಿಸುವ ಲಕ್ಷಣಗಳನ್ನು ಸಂಗ್ರಾಹಕರು ಚೆನ್ನಾಗಿ ಬಲ್ಲರು. ಅಸಲಿಯ ಮುಖಪುಟದ ಕಪ್ಪು ಗಾಢವಾದುದು, ನಕಲಿಯದ್ದು ನೀಲಿ ಬೆರೆತ ಕಪ್ಪು. ನಕಲಿಯ ಒಳಗಿನ ಕಾಗದ ತೀರಾ ಬಿಳಿ. ಹೆಚ್ಚಿನ ನಕಲಿ ಪ್ರತಿಗಳ ಹಿಂಬದಿಯ ರಕ್ಷಾಪುಟದ ನಡುವೆ ಅರ್ಧ ಇಂಚು ಅಗಲದ ಬಿಳಿಯ ಪಟ್ಟಿ ಅಥವಾ ಗೀರುಗಳಿರುತ್ತವೆ. ನಮ್ಮ ಯುವಕ ಕಂಡದ್ದು ಆ ಪಟ್ಟಿಯನ್ನೇ.

1977ರಲ್ಲಿ ಕೆನಡಾದಲ್ಲಿ ಎರಡು ಸಾವಿರ ಪ್ರತಿ ಅಚ್ಚಾದ ‘ಸೆರೆಬಸ್’ ಮೊದಲ ಸಂಚಿಕೆಯ ಕಥೆಯೂ ಹೀಗೆಯೇ. ಅಸಲಿಯ ಮುಖಪುಟದ ಒಳಬದಿಗೆ ಹೊಳಪಿಲ್ಲ, ನಕಲಿಯದ್ದು ಮಿರುಗುತ್ತದೆ. ನಕಲಿ ಮಾಡಿದವನು ಹೆಚ್ಚು ಚೆಂದ ಮಾಡಲು ಹೋಗಿ ಸಿಕ್ಕಿಬಿದ್ದ ಎನ್ನೋಣ.

ಇನ್ನೂ ಹಳೆಯ ಪುಸ್ತಿಕೆಗಳಿಗೆ ಬೇರೆ ಪರೀಕ್ಷೆಗಳಿವೆ. ಭೂತಗನ್ನಡಿಯಲ್ಲಿ ನೋಡಿದರೆ ಅಸಲಿಯ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಮುದ್ರಿತ ಪುಟದ ಫೋಟೋ ತೆಗೆದು ಮತ್ತೆ ಮುದ್ರಿಸಿದ್ದರೆ ಅಂಚು ಮಸುಕಾಗಿ, ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಕಲಸಿರುತ್ತದೆ. ಕಾಗದಕ್ಕೆ ಬಿಳುಪು ಕೊಡುವ ಹೊಳಪಿನ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಆದುದರಿಂದ 1938ರದ್ದೆನ್ನುವ ಪುಟವು ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಬೆಳಗಿದರೆ ಸಂಶಯಪಡಲೇಬೇಕು. ಹೊಲಿಗೆಯ ತಂತಿಯ ಪಿನ್ನು ತುಕ್ಕು ಹಿಡಿದಿದ್ದು ಅದರ ಸುತ್ತಲಿನ ಕಾಗದದಲ್ಲಿ ತುಕ್ಕಿನ ಕಲೆಯೇ ಇಲ್ಲದಿದ್ದರೆ ಆ ಪಿನ್ನು ಬೇರೆಲ್ಲಿಂದಲೋ ಬಂದಿದೆ ಎಂದರ್ಥ.

ಇವುಗಳಿಗಿಂತ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಇನ್ನೊಂದು ವಿಧದ ಮೋಸ. 1974ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಪ್ರಕಾಶಕರೇ ಆ ಮೊದಲ ಸಂಚಿಕೆಯನ್ನು ಇದ್ದಂತೆಯೇ ಮರುಮುದ್ರಿಸಿದರು. ಗಾತ್ರದಲ್ಲಿ ಅದು ಮೂಲಕ್ಕಿಂತ ಎಷ್ಟೋ ದೊಡ್ಡದು. ಇದು ಮರುಮುದ್ರಣವೆಂದು ಸಾರುವ ಹೊರಹೊದಿಕೆಯೊಂದನ್ನೂ ಅದಕ್ಕೆ ತೊಡಿಸಿದ್ದರು. ಪ್ರಾಮಾಣಿಕ ಕೆಲಸ, ಅದರಲ್ಲಿ ದೋಷವಿಲ್ಲ. ಆದರೆ ಕೆಲವರು ಆ ಹೊರಹೊದಿಕೆಯನ್ನು ಕಿತ್ತುಹಾಕಿ, ಒಳಗಿನದನ್ನು ಮೂಲಪ್ರತಿಯೆಂದು ಮಾರಿದರು. ಇಲ್ಲಿ ಮೋಸಗಾರನು ಒಂದಕ್ಷರವನ್ನೂ ಹೊಸದಾಗಿ ಬರೆಯಲಿಲ್ಲ. ಇದ್ದ ಸತ್ಯವನ್ನು ಕಿತ್ತುಹಾಕಿದ, ಅಷ್ಟೆ.

ಮದೀನಾದ ಮಾರುಕಟ್ಟೆಯ ಆ ಧಾನ್ಯದ ರಾಶಿಯನ್ನು ನೆನಪಿಸಿಕೊಳ್ಳಿರಿ. ಪ್ರವಾದಿವರ್ಯರು(ಸ) ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ಒದ್ದೆ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ನೆನೆದುದನ್ನು ಜನರು ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಆ ವ್ಯಾಪಾರಿ ಬಾಯಿಬಿಟ್ಟು ಸುಳ್ಳು ಹೇಳಿದ್ದನೆಂದು ಹದೀಸಿನಲ್ಲಿ ಎಲ್ಲಿಯೂ ಇಲ್ಲ. ಒಣಗಿದ್ದು ಮೇಲಿತ್ತು, ನೆನೆದದ್ದು ಕೆಳಗಿತ್ತು. ಮಾರುವ ಮೊದಲು ಆಡಿನ ಹಾಲು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದನ್ನೂ ಅವರು ನಿಷೇಧಿಸಿದ್ದಾರೆ. ಮಾಸಿದ ಮುಖಪುಟಕ್ಕೆ ಗುಟ್ಟಾಗಿ ಬಣ್ಣ ತೇಯುವುದು, ಹರಿದ ಅಂಚನ್ನು ಸಣ್ಣಗೆ ಕತ್ತರಿಸಿ ನೇರಮಾಡುವುದು ಆ ಕೆಚ್ಚಲಿನ ಜಾತಿಗೇ ಸೇರಿದ್ದು. ಹೀಗಿರುವಾಗ ‘ನಾನು ಏನನ್ನೂ ಹೇಳುವುದಿಲ್ಲ’ ಎಂಬ ನಮ್ಮ ಯುವಕನ ಮಾತು ಅವನನ್ನು ಹೇಗೆ ಕಾಪಾಡೀತು?

ಪರೀಕ್ಷಿಸುವ ಕೆಲಸ ತಜ್ಞರದ್ದು, ನಮಗೇಕೆ ಎನ್ನುವವರಿದ್ದಾರೆ. ಅಮೆರಿಕದಲ್ಲಿ ಪುಸ್ತಿಕೆಯನ್ನು ಪರಿಶೀಲಿಸಿ, ಅಂಕ ಕೊಟ್ಟು, ಪಾರದರ್ಶಕ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕೊಡುವ ಸಂಸ್ಥೆಗಳಿವೆ. ಆದರೆ ಆ ಪೆಟ್ಟಿಗೆಗಳನ್ನೇ ಬಿಚ್ಚಿ, ಹೆಚ್ಚು ಅಂಕದ ಚೀಟಿಯ ಕೆಳಗೆ ಕಡಿಮೆ ದರ್ಜೆಯ ಪ್ರತಿಯನ್ನಿಟ್ಟು ಮಾರಿದ ಪ್ರಕರಣ 2023-24ರಲ್ಲಿ ಬಯಲಾಯಿತು. ಚೀಟಿ ಅಸಲಿ, ಪುಸ್ತಿಕೆಯೂ ಅಸಲಿ, ಅವೆರಡರ ಜೋಡಿ ಮಾತ್ರ ಸುಳ್ಳು!

ಯುವಕನಿಗೆ ಉತ್ತರ ಬರೆಯಲು ಕುಳಿತಾಗ ನನಗೆ ನೆನಪಾದುದು ಇಮಾಮ್ ಗಝಾಲಿಯವರ(ರ) ‘ಇಹ್ಯಾ ಉಲೂಮುದ್ದೀನ್’. ಸಂಪಾದನೆಯ ಶಿಷ್ಟಾಚಾರಗಳ ಅಧ್ಯಾಯದಲ್ಲಿ ಅವರು ಖೋಟಾ ದಿರ್‌ಹಮ್‌ಗಳ ಕುರಿತು ಬರೆದಿದ್ದಾರೆ. ಒಂಬೈನೂರು ವರ್ಷಗಳಿಗೂ ಹಿಂದಿನ ಆ ಪುಟಗಳನ್ನು ಈ ಯುವಕನಿಗಾಗಿಯೇ ಬರೆದಂತಿದೆ. ಖೋಟಾ ನಾಣ್ಯ ಕೈಗೆ ಬಂದರೆ ಅದನ್ನು ಯಾರ ಕೈಗೂ ಸಿಗದಂತೆ ಬಾವಿಗೆ ಎಸೆಯಬೇಕು ಎನ್ನುತ್ತಾರೆ ಇಮಾಮರು. ಒಂದು ಖೋಟಾ ದಿರ್‌ಹಮನ್ನು ಚಲಾಯಿಸುವುದು ನೂರು ದಿರ್‌ಹಮ್ ಕದಿಯುವುದಕ್ಕಿಂತ ಕೆಟ್ಟದ್ದೆಂಬ ಅಭಿಪ್ರಾಯವನ್ನೂ ಅವರು ಉಲ್ಲೇಖಿಸುತ್ತಾರೆ. ಕಾರಣ ಸರಳ: ಕಳವು ಒಂದು ಸಲಕ್ಕೆ ಮುಗಿಯುತ್ತದೆ. ಖೋಟಾ ನಾಣ್ಯವಾದರೋ ಚಲಾಯಿಸಿದವನು ಸತ್ತ ಮೇಲೂ ಕೈಯಿಂದ ಕೈಗೆ ನಡೆಯುತ್ತಲೇ ಇರುತ್ತದೆ, ಪಾಪವೂ ಅದರೊಂದಿಗೆ ನಡೆಯುತ್ತದೆ. ದಶಕಗಳ ಹಿಂದೆ ಯಾರೋ ಅಚ್ಚು ಹಾಕಿದ ಈ ಆಮೆಗಳ ನಕಲಿ ಇಂದು ನಮ್ಮೂರಿನ ಹುಡುಗನೊಬ್ಬನ ಉಳಿತಾಯವನ್ನು ನುಂಗಿದೆ. ಅಚ್ಚು ಹಾಕಿದವನು ಬದುಕಿದ್ದಾನೋ ಇಲ್ಲವೋ, ಯಾರು ಬಲ್ಲರು?

ವ್ಯಾಪಾರಿಯು ನಾಣ್ಯ ಪರೀಕ್ಷೆಯನ್ನು ಕಲಿಯಲೇಬೇಕೆಂದೂ ಇಮಾಮರು ಹೇಳುತ್ತಾರೆ. ಅದು ತನ್ನ ಗಂಟು ಉಳಿಸಿಕೊಳ್ಳಲಿಕ್ಕಲ್ಲ. ತಿಳಿಯದೆ ಇನ್ನೊಬ್ಬ ಮುಸ್ಲಿಮನ ಕೈಗೆ ಖೋಟಾ ಕೊಡದಿರಲಿಕ್ಕೆ. ಇದನ್ನು ನಾನು ಪಾಠ ಹೇಳುವಾಗ ಎಷ್ಟೋ ಸಲ ಓದಿದ್ದೆ. ಅದರ ತೂಕ ತಿಳಿದದ್ದು ಈಗ. ನಾವು ಅಸಲಿ ನಕಲಿಯ ಜ್ಞಾನವನ್ನು ನಮಗೆ ಮೋಸವಾಗದಿರಲೆಂದು ಮಾತ್ರ ಕಲಿಯುತ್ತೇವೆ. ಒಮ್ಮೆ ಮೋಸ ಹೋದ ಮೇಲೆ ಅದೇ ಜ್ಞಾನ ನಮ್ಮ ಕೈಯಲ್ಲಿ ಆಯುಧವಾಗುತ್ತದೆ: ಬಿಳಿ ಪಟ್ಟಿ ಎಲ್ಲಿದೆಯೆಂದು ನನಗೆ ಗೊತ್ತು, ಮುಂದಿನವನಿಗೆ ಗೊತ್ತಿಲ್ಲ.

“ಹಾಗಾದರೆ ನಕಲಿ ಎಂದು ಹೇಳಿಯೇ ಮಾರಿದರೆ?” ಎಂದು ಅವನು ಮತ್ತೆ ಬರೆದನು. ಅದಕ್ಕೂ ಇಮಾಮರಲ್ಲಿ ಉತ್ತರವಿದೆ. ಖೋಟಾ ಎಂದು ತಿಳಿದೂ ಒಬ್ಬನು ಅದನ್ನು ಪಡೆಯುವುದು ಸಾಮಾನ್ಯವಾಗಿ ತಿಳಿಯದ ಇನ್ನೊಬ್ಬನಿಗೆ ದಾಟಿಸಲಿಕ್ಕೇ. ಆದುದರಿಂದ ಹೇಳಿ ಕೊಟ್ಟವನೂ ಪಾಪದಿಂದ ಪಾರಾಗುವುದಿಲ್ಲ. ಮರುಮುದ್ರಣವೆಂದು ಮುಖದ ಮೇಲೆಯೇ ಅಚ್ಚಾಗಿರುವ ಪುಸ್ತಕದ ವಿಷಯ ಬೇರೆ, ಅದನ್ನು ಯಾರೂ ಯಾರಿಗೂ ಮಾರಲಿ. ಆದರೆ ಅಸಲಿಯಂತೆ ಕಾಣಲೆಂದೇ ಹುಟ್ಟಿದ ವಸ್ತುವಿಗೆ ಬಾಯಿಮಾತಿನ ಎಚ್ಚರಿಕೆ ಎಷ್ಟು ದೂರ ಜೊತೆ ಬಂದೀತು?

ನಷ್ಟದ ಮಾತು ಉಳಿಯಿತು. ಅದು ಸಣ್ಣ ಮಾತಲ್ಲ, ದುಡಿದ ಹಣ. ದೋಷ ಕಂಡರೆ ಮಾರಿದವನಿಗೇ ಮರಳಿಸುವ ಹಕ್ಕನ್ನು ನಮ್ಮ ಫಿಕ್‌ಹ್ ಕೊಳ್ಳುವವನಿಗೆ ಕೊಟ್ಟಿದೆ, ಮಾರಿದವನಿಗೆ ಆ ದೋಷ ತಿಳಿದಿರಲಿ ಇಲ್ಲದಿರಲಿ. ನಷ್ಟವನ್ನು ಬಂದ ದಾರಿಯಲ್ಲಿ ಹಿಂದಕ್ಕೆ ಕಳುಹಿಸಬಹುದು, ಮುಂದಕ್ಕೆ ತಳ್ಳಲಾಗದು. ಮಾರಿದವನನ್ನು ಹುಡುಕು, ಹಣ ಕೇಳು, ಸಿಗದಿದ್ದರೆ ಅಲ್ಲಿನ ಕಾನೂನನ್ನು ಆಶ್ರಯಿಸು ಎಂದು ಬರೆದೆ. ಅವನು ಹುಡುಕಿದ. ಮಾರಿದವನು ಫೋನೆತ್ತಲಿಲ್ಲ.

ಕೊನೆಗೆ ಅವನು ಕೇಳಿದ್ದು, ಹಾಗೆಯೇ ಪೆಟ್ಟಿಗೆಯಲ್ಲಿಟ್ಟುಕೊಳ್ಳಲೇ ಎಂದು. ನಾನು ಎರಡು ದಿನ ಯೋಚಿಸಿದೆ. ನಾಳೆ ಅವನು ಇಲ್ಲವಾದಾಗ ಆ ಪೆಟ್ಟಿಗೆಯನ್ನು ತೆರೆಯುವವರು ಅವನ ಮಕ್ಕಳು. ಅಪ್ಪ ಜೋಪಾನ ಮಾಡಿಟ್ಟ ಬೆಲೆಬಾಳುವ ವಸ್ತುವೆಂದು ಅವರು ಅದನ್ನು ವಾರಸಿನಲ್ಲಿ ಹಂಚಿಕೊಳ್ಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಮಾರುತ್ತಾರೆ. ಇದನ್ನೇ ಅವನಿಗೆ ಬರೆದೆ.

ಮುಂದಿನ ವಾರ ಉತ್ತರ ಬಂತು. ಅಳಿಸಲಾಗದ ಶಾಯಿಯಲ್ಲಿ ಮುಖಪುಟದ ಮೇಲೆ ಅಡ್ಡಲಾಗಿ ನಕಲಿ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದನಂತೆ. ಒಳಪುಟಗಳು ಬೇರೆಯಾದರೂ ಗೊತ್ತಾಗಲೆಂದು ಪ್ರತಿ ಪುಟದಲ್ಲೂ ಬರೆದನಂತೆ. ಮೊದಲ ಅಕ್ಷರ ಬರೆಯುವಾಗ ಕೈ ಮೇಲೇಳಲಿಲ್ಲ ಉಸ್ತಾದರೇ, ಆಮೇಲೆ ಬೇಗ ಮುಗಿಯಿತು ಎಂದಿದ್ದನು.