ಏನು ಓದಲಿ ಎಂದು ಕೇಳಿದವಳಿಗೆ

ಜೂನ್ ಕೊನೆಯ ವಾರ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕ ಕುಳಿತ ಹುಡುಗಿಗೆ ನಾನು ಟೀಚರಾಗಿದ್ದವಳೆಂದು ತಿಳಿದದ್ದೇ ತಡ, "ಪಿಯುಸಿ ಆಯ್ತು ಮಿಸ್. ಡಿಗ್ರಿಗೆ ಸೇರ್ಲೋ, ನರ್ಸಿಂಗ್‌ಗೆ ಹೋಗ್ಲೋ?" ಎಂದಳು.

ತೆರಕಣಾಂಬಿ ದಾಟುವವರೆಗೂ ನಾನು ಉತ್ತರ ಕೊಡಲಿಲ್ಲ.

1997ರ ಆಗಸ್ಟಿನಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಇನ್ನೇನು, ಹೊಸ ಕಚೇರಿಗಳು, ಹೊಸ ಕೆಲಸಗಳು! ನಮ್ಮ ವಠಾರದ ಹುಡುಗಿಯೊಬ್ಬಳಿಗೆ ಹೊಲಿಗೆ ಕಲಿಯುವ ಆಸೆ. ತಂದೆಯಿಲ್ಲ, ತಾಯಿ ಹೂ ಕಟ್ಟಿ ಮಾರುವಾಕೆ. "ಹೊಲಿಗೆ ಯಾಕೆ? ಟೈಪಿಂಗ್ ಕಲಿ, ನೆರಳಲ್ಲಿ ಕೂತು ದುಡೀಬಹುದು" ಎಂದು ನಾನೇ ಒತ್ತಾಯಿಸಿದೆ. ತಾಯಿ ಓಲೆ ಅಡವಿಟ್ಟು ಶುಲ್ಕ ಕಟ್ಟಿದಳು.

ಹುಡುಗಿ ಪಾಸಾದಳು. ಅಷ್ಟರಲ್ಲಿ ಕಚೇರಿಗಳಿಗೆ ಕಂಪ್ಯೂಟರ್ ಬರತೊಡಗಿತ್ತು. 'ಭೂಮಿ' ಯೋಜನೆಯಲ್ಲಿ ರೈತರ ಪಹಣಿಯೂ ಅದರೊಳಗೆ ಸೇರಿತು. ಟೈಪ್‌ರೈಟರಿನ ಕನ್ನಡ ಕೀಲಿಗಳ ಜಾಗ ಬೇರೆ, 'ನುಡಿ'ಯಲ್ಲಿ ಬಂದ ಕೆ.ಪಿ. ರಾವ್ ವಿನ್ಯಾಸವೇ ಬೇರೆ. ಬೆರಳು ಕಲಿತದ್ದನ್ನು ಬೆರಳೇ ಮರೆಯಬೇಕಾಯಿತು. ಕೊನೆಗೆ ಜೆರಾಕ್ಸ್ ಅಂಗಡಿಯೊಂದರಲ್ಲಿ ಅರ್ಜಿ ತಯಾರಿಸುವ ಕೆಲಸಕ್ಕೆ ನಿಂತಳು. ಜನರ ಸೊಟ್ಟ ವಾಕ್ಯ ತಿದ್ದಿಕೊಡುತ್ತಾಳೆಂದು ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಅದನ್ನು ಯಾವ ಸರ್ಟಿಫಿಕೇಟಿನಲ್ಲೂ ಬರೆದಿರಲಿಲ್ಲ. "ಮಿಷಿನ್ ಹೋದ್ರೂ ಬರವಣಿಗೆ ಉಳೀತಲ್ಲ ಅಕ್ಕ" ಎನ್ನುತ್ತಾಳೆ. ನನ್ನನ್ನು ಒಮ್ಮೆಯೂ ದೂರಲಿಲ್ಲ. ಓಲೆ ಮಾತ್ರ ಬಿಡಿಸಿಕೊಳ್ಳಲಾಗಲಿಲ್ಲ.

ನೆರಳು ಬೇಕಿದ್ದದ್ದು ಅವಳಿಗೋ, ನನಗೋ? ಬಿಸಿಲಿನ ಕೆಲಸ ಕೀಳೆಂಬ ನನ್ನ ಅಂಜಿಕೆಯನ್ನೇ ಅವಳ ಭವಿಷ್ಯವೆಂದು ಕರೆದಿದ್ದೆ. ಸಲಹೆ ಕೊಟ್ಟವಳ ಕಿವಿ ಬರಿದಾಗಲಿಲ್ಲ, ನೋಡಿ. ಹಾಗೆಂದು ಸುಮ್ಮನಿದ್ದರೆ ತಪ್ಪಿಲ್ಲವೆ? ನಾನು ಬಾಯಿ ಮುಚ್ಚಿದರೆ ಆ ಜಾಗದಲ್ಲಿ ಸೋದರಮಾವ ಬಂದು ಗಂಡಿನ ಜಾತಕ ಬಿಚ್ಚುತ್ತಾನೆ. ಈಗಂತೂ ಅರ್ಜಿಯನ್ನೂ ತಾನೇ ಬರೆಯುವ ಕಂಪ್ಯೂಟರ್ ಬಂದಿದೆ. ಇಪ್ಪತ್ತು ವರ್ಷದಾಚೆಯ ಕೆಲಸ ಯಾವುದೆಂದು ಹೇಳಲು ನಾನು ಯಾವ ಜೋಯಿಸಳು?

ಕಿಟಕಿಯಾಚೆ ಹೊಲದ ತುಂಬ ಚೆಂಡುಹೂ. ಆ ತಾಯಿ ಮೊಳದ ಲೆಕ್ಕದಲ್ಲಿ ಮಾರುತ್ತಿದ್ದ ಹೂವನ್ನು ಕಾರ್ಖಾನೆಯವರು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅದರ ಬಣ್ಣ ತೆಗೆದು ಕೋಳಿಯ ಆಹಾರಕ್ಕೆ ಬೆರೆಸಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದಂತೆ! ಹೂವಿನ ಹಿಂದೆ ರಸಾಯನ ಓದಿದವರ ಕೆಲಸವೂ ಇದೆಯೆಂದು ನಮ್ಮ ವಠಾರದಲ್ಲಿ ಯಾರು ಹೇಳಬೇಕಿತ್ತು? ನನಗೇ ತಿಳಿದಿರಲಿಲ್ಲ.

"ನರ್ಸ್ ಕೆಲಸ ಹತ್ತಿರದಿಂದ ನೋಡಿದ್ದೀಯಾ?" ಎಂದೆ.

"ಇಲ್ಲ ಮಿಸ್."

ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ನರ್ಸ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೂ ಊರಲ್ಲೇ ಇದ್ದಾಳೆ. ರಾತ್ರಿಪಾಳಿ ಮುಗಿಸಿ ಬಂದವಳನ್ನು ಕೇಳಬೇಕು: ಕಲಿತದ್ದರಲ್ಲಿ ಯಾವುದು ಹಳತಾಯಿತು, ಯಾವುದು ಇನ್ನೂ ಕೈ ಹಿಡಿದಿದೆ, ಕಾಲು ಎಷ್ಟು ನೋಯುತ್ತದೆ. ಲೆಕ್ಕ ಬರೆಯುವವರನ್ನೂ ಹಾಗೆಯೇ ಕೇಳಬೇಕು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ.

"ಒಬ್ಬಳನ್ನೇ ಮನೇಲಿ ಕಳಿಸಲ್ಲ. ನೀವೂ ಬರ್ತೀರಾ?" ಎಂದಳು.

ಮಂಡಿನೋವಿನ ನೆಪ ನಾಲಿಗೆಯ ತುದಿಗೆ ಬಂದಿತ್ತು. ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಇಳಿಯುವಾಗ, ಗುರುವಾರ ಬೆಳಿಗ್ಗೆ ಅಲ್ಲಿಯೇ ಸೇರುವುದೆಂದು ಮಾತಾಯಿತು.